ಸಂಸ್ಕಾರ (ಚಲನಚಿತ್ರ)

ಸಂಸ್ಕಾರ 1970ರ ಕನ್ನಡ ಚಲನಚಿತ್ರ. ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಪಟ್ಟಾಭಿರಾಮ ರೆಡ್ಡಿಯವರು ನಿರ್ಮಿಸಿ ನಿರ್ದೇಶಿಸಿದರು. ಗಿರೀಶ ಕಾರ್ನಾಡರು ಚಿತ್ರಕಥೆ ರಚಿಸಿ, ಮುಖ್ಯ ಪಾತ್ರವಾದ ಪ್ರಾಣೇಶಾಚಾರ್ಯನನ್ನು ಅಭಿನಯಿಸಿದರು. ಚಂದ್ರಿಯ ಪಾತ್ರದಲ್ಲಿ ಸ್ನೇಹಲತಾ ರೆಡ್ಡಿ, ನಾರಣಪ್ಪನ ಪಾತ್ರದಲ್ಲಿ ಪಿ. ಲಂಕೇಶ್ ಕಾಣಿಸಿಕೊಂಡರು. ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಗೆ ಸಮೀಪದ ವೈಕುಂಠಪುರ ಎಂಬ ಹಳ್ಳಿಯಲ್ಲಿ ಚಿತ್ರದ ಬಹುಭಾಗವನ್ನು ಚಿತ್ರೀಕರಿಸಲಾಯಿತು. ಅತ್ಯುತ್ತಮ ಚಲನಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ಚಿನ್ನದ ಪದಕವನ್ನು ಪಡೆದ ಮೊದಲ ಕನ್ನಡ ಚಿತ್ರ ಇದು. ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳ ಆರಂಭವನ್ನು ಸಾಮಾನ್ಯವಾಗಿ ಈ ಚಿತ್ರದಿಂದಲೇ ಗುರುತಿಸಲಾಗುತ್ತದೆ.

ಅಗ್ರಹಾರವೊಂದರಲ್ಲಿ ಸತ್ತವನ ಶವಸಂಸ್ಕಾರವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯೇ ಚಿತ್ರದ ಕೇಂದ್ರ. ಶಾಸ್ತ್ರ ಬಲ್ಲವರು ಉತ್ತರ ಹುಡುಕುತ್ತಿರುವಾಗ, ಶಾಸ್ತ್ರದ ಯಾವ ಅಧಿಕಾರವೂ ಇಲ್ಲದ ಹೆಣ್ಣೊಬ್ಬಳು ಆ ಕಾರ್ಯವನ್ನು ಮಾಡಿಸಿ ಮುಗಿಸುವುದು ಈ ಕಥೆಯ ಮರ್ಮ.

ಹೆಸರಿನ ಅರ್ಥ

'ಸಂಸ್ಕಾರ' ಎಂಬ ಪದಕ್ಕೆ ಕನ್ನಡದಲ್ಲಿ ಹಲವು ಅರ್ಥಗಳಿವೆ. ಶುದ್ಧಿಗೊಳಿಸುವುದು, ಹದಗೊಳಿಸುವುದು ಎಂಬುದು ಅದರ ಮೂಲಾರ್ಥ. ಹುಟ್ಟಿಗೆ ಮುಂಚಿನಿಂದ ಸಾವಿನವರೆಗೆ ನಡೆಯುವ ವೈದಿಕ ವಿಧಿಗಳನ್ನು ಷೋಡಶ ಸಂಸ್ಕಾರಗಳೆಂದು ಎಣಿಸುತ್ತಾರೆ. ಆಡುಮಾತಿನಲ್ಲಿ ಒಳ್ಳೆಯ ನಡೆನುಡಿಗೂ, ಹಿಂದಿನ ಕರ್ಮದಿಂದ ಮನಸ್ಸಿನಲ್ಲಿ ಉಳಿದ ವಾಸನೆಗೂ ಇದೇ ಪದವನ್ನು ಬಳಸುವುದುಂಟು. ಶವಕ್ಕೆ ಮಾಡುವ ಅಂತ್ಯಕ್ರಿಯೆಯೂ ಸಂಸ್ಕಾರವೇ. ಚಿತ್ರದ ಕಥೆಯಲ್ಲಿ ಈ ಅರ್ಥಗಳೆಲ್ಲ ಒಂದರ ಮೇಲೊಂದು ಬರುತ್ತವೆ. ಸಂಸ್ಕಾರವಂತರೆನಿಸಿಕೊಂಡ ಜನ ಒಂದು ಹೆಣಕ್ಕೆ ಸಂಸ್ಕಾರ ಮಾಡಲಾರದೆ ಹೋಗುತ್ತಾರೆ.

ಮೂಲ ಕಾದಂಬರಿ

ಅನಂತಮೂರ್ತಿಯವರು (1932–2014) ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರು ಈ ಕಾದಂಬರಿಯನ್ನು ಬರೆದರು. ಅಲ್ಲಿ ತಮ್ಮ ಮಾರ್ಗದರ್ಶಕರೂ ಕಾದಂಬರಿಕಾರರೂ ಆದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಿತ್ರವನ್ನು ನೋಡಿದ್ದು ಬರವಣಿಗೆಗೆ ಪ್ರೇರಣೆಯಾಯಿತು. ಪ್ಲೇಗು ಹರಡಿದ ಮಧ್ಯಯುಗದ ಯೂರೋಪಿನಲ್ಲಿ ದೇವರಿಂದ ಒಂದು ಉತ್ತರಕ್ಕಾಗಿ ಹಂಬಲಿಸುವ ಯೋಧನೊಬ್ಬನ ಕಥೆ ಅದು. ಯೂರೋಪಿನವರಿಗೆ ಗ್ರಂಥಗಳಿಂದ ಮಾತ್ರ ತಿಳಿದಿರುವ ಮಧ್ಯಯುಗವು ಮಲೆನಾಡಿನಿಂದ ಬಂದವನಿಗೆ ತನ್ನ ಬಾಲ್ಯದಲ್ಲೇ ಕಂಡ ಬದುಕು ಎಂಬ ಅರಿವಿನಿಂದ ಕಾದಂಬರಿ ಹುಟ್ಟಿತು. ಪ್ಲೇಗು, ಮೌನವಾಗಿರುವ ದೈವ, ಉತ್ತರಕ್ಕಾಗಿ ಕಾಯುವ ಮನುಷ್ಯ, ಈ ಮೂರೂ 'ಸಂಸ್ಕಾರ'ದಲ್ಲಿಯೂ ಇವೆ. ಎ. ಕೆ. ರಾಮಾನುಜನ್ ಅವರು ಮಾಡಿದ ಇಂಗ್ಲಿಷ್ ಅನುವಾದ 1976ರಲ್ಲಿ ಪ್ರಕಟವಾಯಿತು.

ಕಥಾಸಾರ

ದೂರ್ವಾಸಪುರವು ಮಾಧ್ವ ಬ್ರಾಹ್ಮಣರ ಒಂದು ಸಣ್ಣ ಅಗ್ರಹಾರ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯ ಅಲ್ಲಿನ ವಿದ್ವಾಂಸ. ಸುತ್ತಲ ಊರುಗಳಲ್ಲೆಲ್ಲ ಅವನ ಮಾತಿಗೆ ಮನ್ನಣೆ. ಅವನ ಹೆಂಡತಿ ಭಾಗೀರಥಿ ರೋಗಿಷ್ಠೆ, ಹಾಸಿಗೆ ಬಿಟ್ಟು ಏಳಲಾರದವಳು. ಅದನ್ನು ತಿಳಿದೇ ಅವನು ಅವಳನ್ನು ಮದುವೆಯಾಗಿದ್ದಾನೆ. ಅವಳ ಸೇವೆಯನ್ನು ತನ್ನ ಮೋಕ್ಷಕ್ಕೆ ಸಾಧನವಾದ ತಪಸ್ಸೆಂದು ಭಾವಿಸಿದ್ದಾನೆ.

ಅದೇ ಅಗ್ರಹಾರದ ನಾರಣಪ್ಪ ಇದಕ್ಕೆ ತದ್ವಿರುದ್ಧ. ಕಟ್ಟಿಕೊಂಡ ಹೆಂಡತಿಯನ್ನು ತೊರೆದು, ಕುಂದಾಪುರದ ವೇಶ್ಯೆ ಚಂದ್ರಿಯನ್ನು ಮನೆಗೆ ತಂದಿಟ್ಟುಕೊಂಡಿದ್ದಾನೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದಿದ್ದಾನೆ, ದೇವರ ಕೊಳದ ಮೀನು ಹಿಡಿದಿದ್ದಾನೆ, ಮುಸಲ್ಮಾನ ಗೆಳೆಯರೊಡನೆ ಕೂತು ಉಂಡು ಕುಡಿದಿದ್ದಾನೆ. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುವೆನೆಂದು ಬೆದರಿಸಿದ್ದರಿಂದ ಅವನನ್ನು ಜಾತಿಯಿಂದ ಹೊರಹಾಕುವ ಧೈರ್ಯ ಯಾರಿಗೂ ಆಗಿಲ್ಲ. ಅವನನ್ನು ಒಳ್ಳೆಯ ದಾರಿಗೆ ತರಬಲ್ಲೆನೆಂಬ ವಿಶ್ವಾಸ ಪ್ರಾಣೇಶಾಚಾರ್ಯನದು.

ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರದಿಂದ ಸಾಯುತ್ತಾನೆ. ಚಂದ್ರಿ ಬಂದು ಪ್ರಾಣೇಶಾಚಾರ್ಯನಿಗೆ ಸುದ್ದಿ ತಿಳಿಸುತ್ತಾಳೆ. ಶವ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಪೂಜೆ ಮಾಡುವಂತಿಲ್ಲ. ನಾರಣಪ್ಪನಿಗೆ ಮಕ್ಕಳಿಲ್ಲ. ಬಂಧುಗಳಾದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ಅವನ ಸಂಸ್ಕಾರ ಮಾಡಿ ತಮ್ಮ ಬ್ರಾಹ್ಮಣ್ಯಕ್ಕೆ ಕಳಂಕ ತಂದುಕೊಳ್ಳಲು ಒಪ್ಪುವುದಿಲ್ಲ. ಆಗ ಚಂದ್ರಿ ತನ್ನ ಮೈಮೇಲಿನ ಚಿನ್ನದ ಒಡವೆಗಳನ್ನೆಲ್ಲ ಬಿಚ್ಚಿ, ಸಂಸ್ಕಾರದ ಖರ್ಚಿಗೆಂದು ಆಚಾರ್ಯನ ಮುಂದೆ ಇಡುತ್ತಾಳೆ. ಅಲ್ಲಿಂದ ಮುಂದೆ ತೊಡಕು ಇನ್ನೂ ಹೆಚ್ಚುತ್ತದೆ. ಒಲ್ಲೆವೆಂದವರಿಗೆ ಒಡವೆಯ ಮೇಲೆ ಆಸೆ ಹುಟ್ಟುತ್ತದೆ. ಯಾರು ಮಾಡಬಾರದು ಎಂಬ ವಾದವು ಯಾರಿಗೆ ಹಕ್ಕಿದೆ ಎಂಬ ವಾದವಾಗಿ ತಿರುಗುತ್ತದೆ.

ಪ್ರಾಣೇಶಾಚಾರ್ಯ ತಾಳೆಗರಿಗಳನ್ನೆಲ್ಲ ಹುಡುಕಿದರೂ ಶಾಸ್ತ್ರದಲ್ಲಿ ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳುತ್ತಾನೆ. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಸಮ್ಮತಿ, ಎಡಗಡೆಯಿಂದ ಬಿದ್ದರೆ ಅಸಮ್ಮತಿ ಎಂದು ತಿಳಿಯುವುದು ಆ ಪದ್ಧತಿ. ಹಗಲೆಲ್ಲ ಕಾದರೂ ಹೂ ಯಾವ ಕಡೆಗೂ ಬೀಳುವುದಿಲ್ಲ. ಹಸಿದು, ಸೋತು, ಕತ್ತಲಲ್ಲಿ ಹಿಂದಿರುಗುವಾಗ ಕಾಡಿನಲ್ಲಿ ಚಂದ್ರಿ ಎದುರಾಗುತ್ತಾಳೆ. ಅವನ ಸಂಕಟವನ್ನು ಕಂಡು ಕನಿಕರದಿಂದ ಕಾಲಿಗೆರಗುತ್ತಾಳೆ. ಆ ಕ್ಷಣದಲ್ಲಿ ಅವನ ಬಹುಕಾಲದ ನಿಗ್ರಹ ಸಡಿಲುತ್ತದೆ. ಇಬ್ಬರೂ ಕೂಡುತ್ತಾರೆ. ತನ್ನ ಮಡಿಲಲ್ಲಿದ್ದ ಬಾಳೆಹಣ್ಣನ್ನು ಅವಳು ಅವನಿಗೆ ತಿನ್ನಿಸುತ್ತಾಳೆ.

ಅಗ್ರಹಾರಕ್ಕೆ ಮರಳಿದ ಚಂದ್ರಿಗೆ ನಾರಣಪ್ಪನ ದೇಹ ಕೊಳೆಯುತ್ತಿರುವುದು ಕಾಣುತ್ತದೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ತಿಳಿದು, ನಾರಣಪ್ಪನ ಉಪಕಾರವನ್ನು ನೆನೆಯುವ ಮುಸಲ್ಮಾನ ಪರಿಚಿತನೊಬ್ಬನ ನೆರವಿನಿಂದ ರಾತ್ರಿಯಲ್ಲೇ ಶವವನ್ನು ಸುಡಿಸುತ್ತಾಳೆ. ಯಾರಿಗೂ ಹೇಳದೆ ಊರು ಬಿಡುತ್ತಾಳೆ. ಇದಾವುದನ್ನೂ ಅರಿಯದ ಬ್ರಾಹ್ಮಣರು ಪರಿಹಾರ ಕೇಳುತ್ತ ಊರಿಂದೂರಿಗೆ ಅಲೆಯುತ್ತಿರುತ್ತಾರೆ. ಇತ್ತ ಇಲಿಗಳು ಸಾಯುತ್ತವೆ, ಮನೆಗಳ ಮೇಲೆ ಹದ್ದುಗಳು ಕೂರುತ್ತವೆ. ನಾರಣಪ್ಪನನ್ನು ಕೊಂದದ್ದು ಪ್ಲೇಗು ಎಂಬುದು ನಿಧಾನವಾಗಿ ಸ್ಪಷ್ಟವಾಗುತ್ತದೆ.

ಭಾಗೀರಥಿಯೂ ಪ್ಲೇಗಿಗೆ ಬಲಿಯಾಗುತ್ತಾಳೆ. ಅವಳ ದೇಹವನ್ನು ದಹಿಸಿ ಪ್ರಾಣೇಶಾಚಾರ್ಯ ಗೊತ್ತುಗುರಿಯಿಲ್ಲದೆ ಹೊರಡುತ್ತಾನೆ. ದಾರಿಯಲ್ಲಿ ಜೊತೆಯಾದ ಪುಟ್ಟ ಎಂಬ ಮಾತುಗಾರ ಅವನನ್ನು ಮೇಳಿಗೆಯ ತೇರಿಗೆ ಕರೆದೊಯ್ಯುತ್ತಾನೆ. ಜಾತ್ರೆಯ ಗದ್ದಲ, ಕೋಳಿ ಅಂಕ, ಜನರ ಹಸಿವು ಹಾಗೂ ಸಂತೋಷಗಳ ನಡುವೆ, ತಾನು ಈವರೆಗೆ ಕಾಣದಿದ್ದ ಲೋಕವನ್ನು ಅವನು ಕಾಣುತ್ತಾನೆ. ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಉಣ್ಣಲು ಕೂರುತ್ತಾನೆ, ಗುರುತು ಹಿಡಿದಾರೆಂಬ ಭಯದಿಂದ ಎದ್ದುಬರುತ್ತಾನೆ. ಕೊನೆಗೆ ದೂರ್ವಾಸಪುರಕ್ಕೆ ಮರಳಿ ನಡೆದದ್ದನ್ನು ಎಲ್ಲರೆದುರು ಒಪ್ಪಿಕೊಳ್ಳುವ ನಿಶ್ಚಯ ಮಾಡುತ್ತಾನೆ. ಮುಂದೇನಾಯಿತೆಂಬುದನ್ನು ಕಥೆ ಹೇಳುವುದಿಲ್ಲ.

ಮುಖ್ಯ ಪಾತ್ರವರ್ಗ

• ಪ್ರಾಣೇಶಾಚಾರ್ಯ – ಗಿರೀಶ ಕಾರ್ನಾಡ
• ಚಂದ್ರಿ – ಸ್ನೇಹಲತಾ ರೆಡ್ಡಿ
• ನಾರಣಪ್ಪ – ಪಿ. ಲಂಕೇಶ್
• ಲಕ್ಷ್ಮಣಾಚಾರ್ಯ – ಜಯರಾಮ್
• ದಾಸಾಚಾರ್ಯ – ದಾಶರಥಿ ದೀಕ್ಷಿತ್

ನಿರ್ಮಾಣ

ನೆಲ್ಲೂರಿನವರಾದ ಪಟ್ಟಾಭಿರಾಮ ರೆಡ್ಡಿ (1919–2006) ತೆಲುಗಿನ ನವ್ಯ ಕವಿಗಳಲ್ಲೊಬ್ಬರು. ಇದಕ್ಕೆ ಮೊದಲು ತೆಲುಗು ಚಿತ್ರಗಳ ನಿರ್ಮಾಣದಲ್ಲಿ ತೊಡಗಿದ್ದರು. ನಿರ್ದೇಶಕರಾಗಿ 'ಸಂಸ್ಕಾರ' ಅವರ ಮೊದಲ ಚಿತ್ರ. ಅವರೂ ಪತ್ನಿ ಸ್ನೇಹಲತಾ ಅವರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಗಳಿಂದ ಪ್ರಭಾವಿತರಾಗಿದ್ದರು. ಜಾತಿಯ ಪ್ರಶ್ನೆಯನ್ನು ನೇರವಾಗಿ ಎದುರಿಸುವ ಈ ಕಾದಂಬರಿ ಅವರನ್ನು ಸೆಳೆಯಿತು.

ಆ ಕಾಲಕ್ಕೆ ಕಾರ್ನಾಡರು ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗದಲ್ಲಿದ್ದು, 'ಮದ್ರಾಸ್ ಪ್ಲೇಯರ್ಸ್' ಎಂಬ ಹವ್ಯಾಸಿ ನಾಟಕ ತಂಡದೊಡನೆ ಒಡನಾಟ ಹೊಂದಿದ್ದರು. ಸ್ನೇಹಲತಾ ಆ ತಂಡದ ಸ್ಥಾಪಕರಲ್ಲೊಬ್ಬರು. ಹೀಗಾಗಿ ಚಿತ್ರವು ವೃತ್ತಿಪರ ಚಿತ್ರರಂಗದ ಹೊರಗೆ, ಸಾಹಿತಿಗಳು, ನಾಟಕದವರು ಹಾಗೂ ಚಿತ್ರಕಲಾವಿದರ ಕೂಟದಲ್ಲಿ ರೂಪುಗೊಂಡಿತು. ಕಾರ್ನಾಡರು ಚಲನಚಿತ್ರಕ್ಕೆ ಕಾಲಿಟ್ಟದ್ದು ಈ ಚಿತ್ರದ ಮೂಲಕವೇ. ನಾರಣಪ್ಪನಾಗಿ ನಟಿಸಿದ ಲಂಕೇಶರು ಆಗಲೇ ಕಥೆಗಾರರಾಗಿ, ನಾಟಕಕಾರರಾಗಿ ಹೆಸರು ಪಡೆದಿದ್ದರು.

ಕಪ್ಪು-ಬಿಳುಪಿನ ಈ ಚಿತ್ರಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಾಹಕರು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ನೀಡಿದರು. ಕಲಾ ನಿರ್ದೇಶನ ಚಿತ್ರಕಲಾವಿದ ಎಸ್. ಜಿ. ವಾಸುದೇವ್ ಅವರದು. ಮುಂದೆ ನಿರ್ದೇಶಕರಾಗಿ ಪ್ರಸಿದ್ಧರಾದ ಸಿಂಗೀತಂ ಶ್ರೀನಿವಾಸ ರಾವ್ ಅವರೂ ಚಿತ್ರದ ನಿರ್ಮಾಣದಲ್ಲಿ ದುಡಿದರು. ಆ ಕಾಲದ ಜನಪ್ರಿಯ ಚಿತ್ರಗಳಲ್ಲಿ ಅನಿವಾರ್ಯವೆನಿಸಿದ್ದ ಹಾಡು ಮತ್ತು ಕುಣಿತಗಳಿಗೆ ಇಲ್ಲಿ ಎಡೆಯಿರಲಿಲ್ಲ.

ಚಿತ್ರೀಕರಣದ ನೆಲ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ತಾಲ್ಲೂಕುಗಳು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾದು ತೀರ್ಥಹಳ್ಳಿಯತ್ತ ಹರಿಯುತ್ತದೆ. ಅಲ್ಲಿಯೇ ಹುಟ್ಟುವ ಭದ್ರೆ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಮೂಲಕ ಸಾಗುತ್ತದೆ. ಕಾದಂಬರಿಯಲ್ಲಿ ಬರುವ ಮೇಳಿಗೆ ತುಂಗೆಯ ಕೆಳಹರಿವಿನ ಸೀಮೆಗೆ ಸೇರಿದ್ದು, ಚಿತ್ರೀಕರಣ ನಡೆದ ವೈಕುಂಠಪುರ ಅದೇ ನದಿಯ ಮೇಲ್ಹರಿವಿನ ಸೀಮೆಯಲ್ಲಿದೆ. ಎರಡೂ ಕಡೆ ಅಡಿಕೆ ತೋಟ, ಗದ್ದೆಬಯಲು, ದಟ್ಟ ಕಾಡು, ಜೋರು ಮಳೆ. ಬದುಕಿನ ರೀತಿಯೂ ಹೆಚ್ಚು ಕಡಿಮೆ ಒಂದೇ.

ಈ ಮೂರು ತಾಲ್ಲೂಕುಗಳು ಬಗೆಬಗೆಯ ನಂಬಿಕೆಗಳ ನೆಲೆ. ಆದಿ ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುವ ಶಾರದಾ ಪೀಠ ಶೃಂಗೇರಿಯಲ್ಲಿದೆ. ವೀರಶೈವರ ರಂಭಾಪುರಿ ಪೀಠ ಬಾಳೆಹೊನ್ನೂರಿನಲ್ಲಿದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಬಸದಿಯಿದೆ. ಮಠ, ಅಗ್ರಹಾರ, ಧರ್ಮಶಾಸ್ತ್ರಗಳು ಜನಜೀವನದ ನಿತ್ಯದ ಮಾತಾಗಿರುವ ನೆಲದಲ್ಲಿಯೇ, ಶಾಸ್ತ್ರವು ಮೌನವಾದಾಗ ಮನುಷ್ಯ ಏನು ಮಾಡಬೇಕೆಂದು ಕೇಳುವ ಚಿತ್ರ ತಯಾರಾಯಿತು. ಕಥೆಯ ಅಗ್ರಹಾರ ಮಾಧ್ವರದು, ನೆರೆಯ ಪಾರಿಜಾತಪುರ ಸ್ಮಾರ್ತರದು. ಆಚಾರದಲ್ಲಿ ಯಾರು ಹೆಚ್ಚು ಯಾರು ಕಡಿಮೆ ಎಂಬ ಈ ಒಳಭೇದವೂ ಕಥೆಯಲ್ಲಿ ಮುಖ್ಯವಾಗುತ್ತದೆ.

ನಂಬಿಕೆ, ಪ್ರೀತಿ, ತ್ಯಾಗ

ಚಿತ್ರದಲ್ಲಿ ಎರಡು ಬಗೆಯ ತ್ಯಾಗಗಳು ಎದುರುಬದುರಾಗಿ ನಿಲ್ಲುತ್ತವೆ. ಪ್ರಾಣೇಶಾಚಾರ್ಯನ ತ್ಯಾಗ ಎಲ್ಲರೂ ಬಲ್ಲದ್ದು, ಎಲ್ಲರೂ ಹೊಗಳುವಂಥದ್ದು. ರೋಗಿಷ್ಠೆಯನ್ನು ವರಿಸಿ ದೇಹಸುಖವನ್ನು ತೊರೆದದ್ದರಲ್ಲಿ ಅವನ ಸಾಧುತನವಿದೆ. ಅದರೊಳಗೆ ಒಂದು ಲೆಕ್ಕಾಚಾರವೂ ಇದೆ. ಹೆಂಡತಿಯ ಬೇನೆ ಅವನ ಮುಕ್ತಿಗೆ ಮೆಟ್ಟಿಲು. ಆ ಹೆಂಡತಿಯ ಮನಸ್ಸಿನಲ್ಲಿ ಏನಿದೆಯೆಂಬುದು ಅವನ ಲೆಕ್ಕದಲ್ಲಿ ಬಂದಿಲ್ಲ. ಫಲಕ್ಕಾಗಿ ಮಾಡಿದ ತ್ಯಾಗ ತ್ಯಾಗವೇ ಎಂಬ ಪ್ರಶ್ನೆಯನ್ನು ಚಿತ್ರ ಅವನ ಮುಂದಿಡುತ್ತದೆ.

ಚಂದ್ರಿಯ ತ್ಯಾಗಕ್ಕೆ ಹೆಸರಿಲ್ಲ. ಸತ್ತವನ ದೇಹ ಗೌರವದಿಂದ ಬೂದಿಯಾಗಲಿ ಎಂಬುದಷ್ಟೇ ಅವಳ ಬಯಕೆ. ಅದಕ್ಕಾಗಿ ತನ್ನ ಮುಂದಿನ ಬದುಕಿಗೆ ಆಸರೆಯಾಗಬಹುದಾಗಿದ್ದ ಚಿನ್ನವನ್ನು ಕೊಡುತ್ತಾಳೆ. ಆಚಾರ್ಯನ ಮೇಲೆ ಅವಳಿಗಿರುವ ಭಕ್ತಿಯೂ ನಿಜವಾದದ್ದು. ಅವನು ಹೇಳಿದರೆ ಸರಿಯಾಗುತ್ತದೆಂದು ನಂಬಿ ಕಾಯುತ್ತಾಳೆ. ಕಾಡಿನ ಆ ರಾತ್ರಿಯನ್ನು ಮುಂದೊಡ್ಡಿ ಅವನಿಂದ ಏನನ್ನೂ ಕೇಳುವುದಿಲ್ಲ. ಕಾಯುವುದು ವ್ಯರ್ಥವೆಂದು ತಿಳಿದ ಮೇಲೆ ಯಾರನ್ನೂ ದೂರುವುದಿಲ್ಲ. ಹೆಣವನ್ನು ಸುಟ್ಟದ್ದನ್ನು ಹೇಳಿಕೊಳ್ಳುವುದೂ ಇಲ್ಲ.

ಇದರಿಂದ ಒಂದು ಕಠಿಣ ವ್ಯಂಗ್ಯ ಮೂಡುತ್ತದೆ. ಅಗ್ರಹಾರವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆಯೋ ಆ ಪ್ರಶ್ನೆ ಆಗಲೇ ಬಗೆಹರಿದುಹೋಗಿದೆ. ಆದರೆ ಅದು ಬಗೆಹರಿದ ರೀತಿಯನ್ನು ಕಾಣುವ ಕಣ್ಣು ಅಲ್ಲಿ ಯಾರಿಗೂ ಇಲ್ಲ. ಹಾಗೆಂದು ಚಿತ್ರವು ನಂಬಿಕೆಯನ್ನು ಹಗುರವಾಗಿ ಕಾಣುವುದಿಲ್ಲ. ಮಾರುತಿಯ ಮುಂದೆ ಕಾಯುವ ಪ್ರಾಣೇಶಾಚಾರ್ಯ ಕಪಟಿಯಲ್ಲ, ಪ್ರಾಮಾಣಿಕ. ಅವನ ಪತನ ನೋಡುಗರನ್ನು ಕಲಕುವುದು ಆ ಪ್ರಾಮಾಣಿಕತೆಯಿಂದಲೇ. ನಾರಣಪ್ಪನನ್ನು ತಿದ್ದಹೊರಟವನು ನಾರಣಪ್ಪನ ಹಾದಿಯಲ್ಲೇ ಹೆಜ್ಜೆಯಿಟ್ಟ ಮೇಲೆ, ತಾನು ಯಾರು ಎಂಬುದನ್ನು ಅವನು ಮೊದಲಿನಿಂದ ಕಲಿಯಬೇಕಾಗುತ್ತದೆ.

ಸೆನ್ಸಾರ್ ನಿಷೇಧ ಮತ್ತು ಬಿಡುಗಡೆ

ಜಾತಿವ್ಯವಸ್ಥೆಯ ಕಟುವಿಮರ್ಶೆ ಇರುವ ಕಾರಣದಿಂದ ಮದ್ರಾಸಿನ ಸೆನ್ಸಾರ್ ಮಂಡಳಿಯು ಆರಂಭದಲ್ಲಿ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಅನಂತರ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಆ ನಿಷೇಧವನ್ನು ತೆರವುಗೊಳಿಸಿದ್ದರಿಂದ ಚಿತ್ರ ಬಿಡುಗಡೆಯಾಯಿತು. ಕಾದಂಬರಿ ಪ್ರಕಟವಾದಾಗಲೇ ಬ್ರಾಹ್ಮಣ ಸಮುದಾಯದ, ಅದರಲ್ಲೂ ಮಾಧ್ವರ ಚಿತ್ರಣ ಏಕಪಕ್ಷೀಯವಾಗಿದೆಯೆಂಬ ಆಕ್ಷೇಪಗಳು ಬಂದಿದ್ದವು. ಆ ಚರ್ಚೆ ಚಿತ್ರದೊಡನೆ ಇನ್ನಷ್ಟು ವ್ಯಾಪಕವಾಯಿತು.

ಪ್ರಶಸ್ತಿಗಳು

• 1970ನೇ ಸಾಲಿನ 18ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಲನಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ
• 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಕಂಚಿನ ಚಿರತೆ ಪ್ರಶಸ್ತಿ

ಸ್ನೇಹಲತಾ ರೆಡ್ಡಿಯವರ ಸೆರೆವಾಸ ಮತ್ತು ಮರಣ

ಚಂದ್ರಿಯ ಪಾತ್ರವನ್ನು ಇಂದು ನೋಡುವವರು ಅದನ್ನು ನಿರ್ವಹಿಸಿದ ಕಲಾವಿದೆಯ ಬದುಕಿನಿಂದ ಬೇರ್ಪಡಿಸಿ ನೋಡುವುದು ಕಷ್ಟ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಲಾಯಿತು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರೊಡನೆ ಈ ಕುಟುಂಬಕ್ಕೆ ಇದ್ದ ಸ್ನೇಹ ಇದಕ್ಕೆ ಹಿನ್ನೆಲೆಯಾಗಿತ್ತು. ವಿಚಾರಣೆಯಿಲ್ಲದೆ ಎಂಟು ತಿಂಗಳಿಗೂ ಹೆಚ್ಚು ಕಾಲ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಅಸ್ತಮಾ ರೋಗಿಯಾಗಿದ್ದ ಅವರ ಆರೋಗ್ಯ ಸೆರೆಮನೆಯಲ್ಲಿ ತೀವ್ರವಾಗಿ ಹದಗೆಟ್ಟಿತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಡುಗಡೆಯಾದ ಅವರು ಐದು ದಿನಗಳ ಬಳಿಕ, ಜನವರಿ 20ರಂದು ನಿಧನರಾದರು. ಸೆರೆಯಲ್ಲಿದ್ದಾಗ ಅವರು ಬರೆದಿಟ್ಟ ದಿನಚರಿ ಮರಣಾನಂತರ ಪ್ರಕಟವಾಯಿತು. ತುರ್ತು ಪರಿಸ್ಥಿತಿಯ ಸೆರೆವಾಸಕ್ಕೆ ಪ್ರಾಣತೆತ್ತವರಲ್ಲಿ ಒಬ್ಬರೆಂದು ಅವರನ್ನು ಸ್ಮರಿಸಲಾಗುತ್ತದೆ.

ಪಟ್ಟಾಭಿರಾಮ ರೆಡ್ಡಿಯವರು ಮುಂದೆ 'ಚಂಡಮಾರುತ', 'ಶೃಂಗಾರ ಮಾಸ' ಮತ್ತು 'ದೇವರಕಾಡು' ಚಿತ್ರಗಳನ್ನು ನಿರ್ದೇಶಿಸಿದರು.

ಪ್ರಭಾವ

'ಸಂಸ್ಕಾರ'ದ ಯಶಸ್ಸು ಸಾಹಿತ್ಯಕೃತಿಗಳನ್ನು ಆಧರಿಸಿ, ಕಡಿಮೆ ವೆಚ್ಚದಲ್ಲಿ, ಕಥೆ ನಡೆಯುವಂಥ ಊರಿನಲ್ಲೇ ಚಿತ್ರ ತಯಾರಿಸುವ ಮಾರ್ಗವನ್ನು ತೆರೆಯಿತು. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತ ಮತ್ತು ಕಾರ್ನಾಡರು ಒಟ್ಟಾಗಿ ನಿರ್ದೇಶಿಸಿದ 'ವಂಶವೃಕ್ಷ' 1971ರಲ್ಲಿ ಬಂದಿತು. ಕಾರ್ನಾಡರ 'ಕಾಡು' (1973), ಶಿವರಾಮ ಕಾರಂತರ ಕಾದಂಬರಿ ಆಧಾರಿತ 'ಚೋಮನ ದುಡಿ' (1975), ಲಂಕೇಶರು ನಿರ್ದೇಶಿಸಿದ 'ಪಲ್ಲವಿ' (1976) ಇದೇ ಸಾಲಿನವು. ಇವುಗಳಲ್ಲಿ 'ಚೋಮನ ದುಡಿ' ಅತ್ಯುತ್ತಮ ಚಲನಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಎರಡನೆಯ ಬಾರಿಗೆ ಕನ್ನಡಕ್ಕೆ ತಂದಿತು.

ಮೂರನೆಯ ಬಾರಿ ಆ ಪ್ರಶಸ್ತಿ ಪಡೆದದ್ದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಅದಕ್ಕೂ ಅನಂತಮೂರ್ತಿಯವರ ಕಥೆಯೇ ಆಧಾರ, ಮಲೆನಾಡಿನ ಅಗ್ರಹಾರವೇ ಹಿನ್ನೆಲೆ. ಗರ್ಭಿಣಿಯಾದ ಎಳೆಯ ವಿಧವೆಗೆ ಅಲ್ಲಿ ಮಡಕೆಯೊಡೆದು ಶ್ರಾದ್ಧ ಮಾಡಿ ಬಹಿಷ್ಕಾರ ಹಾಕಲಾಗುತ್ತದೆ. ಈ ಎರಡು ಚಿತ್ರಗಳನ್ನು ಜೊತೆಯಾಗಿ ನೋಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತ. ಒಂದರಲ್ಲಿ ಸತ್ತವನಿಗೆ ಸಲ್ಲಬೇಕಾದ ವಿಧಿ ಸಲ್ಲುವುದಿಲ್ಲ, ಇನ್ನೊಂದರಲ್ಲಿ ಬದುಕಿರುವವಳಿಗೆ ಸತ್ತವರ ವಿಧಿ ನಡೆಯುತ್ತದೆ.